ಕೆ.ಜಿ. ಲೆಕ್ಕವೋ, ಗುತ್ತಿಗೆಯೋ, ಗಂಟೆ ಲೆಕ್ಕವೋ? ಗಾಡಿ ಫ್ಯಾಬ್ರಿಕೇಶನ್ ಸೈಡ್ ಕೆಲಸಕ್ಕೆ ನ್ಯಾಯವಾದ ರೇಟ್

ಭಾನುವಾರ ಬೆಳಿಗ್ಗೆ ನಮ್ಮ ಶೆಡ್ ಮುಂದೆ ಗಾಡಿ ನಿಂತರೆ, ಇಳಿದವರು ಕೇಳುವ ಮೊದಲ ಮಾತು ಒಂದೇ. "ಅಣ್ಣಾ, ಕೆ.ಜಿ.ಗೆ ಎಷ್ಟು?" ಏನು ಮಾಡಿಸಬೇಕು ಅನ್ನೋದೆಲ್ಲ ಆಮೇಲೆ. ಮನೆ ಗೇಟು, ಕಿಟಕಿ ಗ್ರಿಲ್ಲು, ಮೆಟ್ಟಿಲ ರೇಲಿಂಗು, ಎಲ್ಲಕ್ಕೂ ಕೋಲಾರದಲ್ಲಿ ಕೆ.ಜಿ. ಲೆಕ್ಕ ನಡೆಯುತ್ತದೆ. ಹಾಗಾಗಿ ಗಾಡಿಗೂ ಅದೇ ಇರಬೇಕು ಎಂದು ಜನ ತಿಳಿದಿದ್ದಾರೆ. ಶುರುವಿನಲ್ಲಿ ನಾನೂ ಹಾಗೇ ತಿಳಿದಿದ್ದೆ.

ನನ್ನದು ವೇಮಗಲ್ ಕಡೆ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಬಿಡುವಿನ ಸಂಜೆ ಮತ್ತು ಭಾನುವಾರ ಮನೆ ಪಕ್ಕದ ಶೆಡ್‌ನಲ್ಲಿ ವೆಲ್ಡಿಂಗ್. ಪಿಕಪ್‌ಗೆ ಟಾರ್ಪಾಲ್ ಫ್ರೇಮ್, ಬೈಕಿಗೆ ಹಾಲಿನ ಕ್ಯಾನ್ ಸ್ಟ್ಯಾಂಡ್, ಟ್ರ್ಯಾಕ್ಟರ್ ಟ್ರೈಲರ್‌ಗೆ ಹೊಸ ತಳ, ಹೀಗೆ. ಇಂಥ ಕೆಲಸಕ್ಕೆ ರೇಟ್ ಹೇಳುವ ದಾರಿ ನಾಲ್ಕಿವೆ: ಕೆ.ಜಿ., ಗುತ್ತಿಗೆ, ಗಂಟೆ, ಮತ್ತೆ "ಮೆಟೀರಿಯಲ್ ನಿಮ್ದು, ಕೂಲಿ ನಮ್ದು". ನಾಲ್ಕನ್ನೂ ನಾನು ಮಾಡಿ ನೋಡಿದ್ದೇನೆ. ಗಿರಾಕಿಗೂ ಮೋಸ ಆಗಬಾರದು, ನನ್ನ ಭಾನುವಾರವೂ ಬಿಟ್ಟಿ ಹೋಗಬಾರದು ಅಂದರೆ ಯಾವುದು ಎಲ್ಲಿ ಸರಿ ಎಂದು ಇಲ್ಲಿ ಬರೆದಿದ್ದೇನೆ.

ಕೆಳಗಿನ ಲೆಕ್ಕಗಳಲ್ಲಿ ಸ್ಟೀಲ್ ಕೆ.ಜಿ.ಗೆ 70 ರೂಪಾಯಿ, ಮೆಟೀರಿಯಲ್ ಮತ್ತು ಕೂಲಿ ಎಲ್ಲ ಸೇರಿದ ಫ್ಯಾಬ್ರಿಕೇಶನ್ ರೇಟ್ ಕೆ.ಜಿ.ಗೆ 130 ಎಂದು ಇಟ್ಟುಕೊಂಡಿದ್ದೇನೆ. ಇದು ಲೆಕ್ಕಕ್ಕೆ ಮಾತ್ರ. ಸ್ಟೀಲ್ ರೇಟ್ ವಾರಕ್ಕೊಂದು ಥರ ಇರುತ್ತದೆ, ನೀವು ನಿಮ್ಮ ಊರಿನ ಅಂಕಿ ಹಾಕಿಕೊಳ್ಳಿ.

ಮೊದಲು ತೂಕ ಗೊತ್ತಿರಲಿ

ಯಾವ ಲೆಕ್ಕ ಹಿಡಿದರೂ ತೂಕ ಬೇಕೇ ಬೇಕು. ಅದಕ್ಕೆ ಗಾಡಿಯನ್ನು ವೇಬ್ರಿಡ್ಜ್ ಹತ್ತಿಸಬೇಕಾಗಿಲ್ಲ. ಸ್ಟೀಲಿನ ಸಾಂದ್ರತೆ ಘನ ಸೆಂ.ಮೀ.ಗೆ 7.85 ಗ್ರಾಂ. ಒಂದು ಚದರ ಮೀಟರ್ ತಗಡು 1 ಎಂಎಂ ದಪ್ಪ ಇದ್ದರೆ 7.85 ಕೆ.ಜಿ. ತೂಗುತ್ತದೆ. ಅಡಿ ಲೆಕ್ಕದವರಿಗೆ ಒಂದು ಚದರ ಅಡಿಗೆ, ಒಂದು ಎಂಎಂಗೆ, 0.73 ಕೆ.ಜಿ.

ಚೌಕ ಪೈಪಿಗೆ ಹೀಗೆ: ಅಗಲದಲ್ಲಿ ದಪ್ಪ ಕಳೆಯಿರಿ (ಎರಡೂ ಎಂಎಂನಲ್ಲಿ), ಬಂದದ್ದನ್ನು ದಪ್ಪದಿಂದ ಗುಣಿಸಿ, ಮತ್ತೆ 0.0314ರಿಂದ ಗುಣಿಸಿ. ಬರುವುದು ಮೀಟರಿಗೆ ಎಷ್ಟು ಕೆ.ಜಿ. ಎಂಬ ಲೆಕ್ಕ. ಗಟ್ಟಿ ರಾಡಿಗೆ ಬಾರ್ ಬೆಂಡಿಂಗ್‌ನವರ ಬಾಯಲ್ಲೇ ಇರುವ ಲೆಕ್ಕ: ಎಂಎಂ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಬರುತ್ತದೆ.

ಇದು ಗೊತ್ತಿದ್ದರೆ ಅಂಗಡಿಯಲ್ಲೂ ಉಪಯೋಗ. 25×25 ಪೈಪು, 14 ಗೇಜ್ ಎಂದು ಕೊಡುತ್ತಾರೆ. 14 ಗೇಜ್ ಅಂದರೆ ಸುಮಾರು 2 ಎಂಎಂ. 6 ಮೀಟರಿನ ಒಂದು ಪೈಪ್ 8.7 ಕೆ.ಜಿ. ಹತ್ತಿರ ಇರಬೇಕು. ತಕ್ಕಡಿಗೆ ಹಾಕಿದಾಗ 7 ಕೆ.ಜಿ. ತೋರಿಸಿದರೆ ಅದು 16 ಗೇಜ್, ಅಂದರೆ 1.6 ಎಂಎಂ. ಗಿರಾಕಿಗೆ 14 ಎಂದು ಹೇಳಿ 16 ಹಾಕಿದರೆ, ಗೊತ್ತಿಲ್ಲದೆ ಹಾಕಿದರೂ ಆ ಮೋಸ ನಿಮ್ಮ ಹೆಸರಿಗೇ ಬರೋದು.

ಕೆ.ಜಿ. ಲೆಕ್ಕ: ಗೇಟಿಗೆ ಸರಿ, ಗಾಡಿಗೆ ತಿರುಗುಬಾಣ

ಕೆ.ಜಿ. ಲೆಕ್ಕದಲ್ಲಿ ಒಂದು ಒಳ್ಳೆಯ ಗುಣ ಇದೆ. ಯಾರೂ ಯಾರನ್ನೂ ನಂಬಬೇಕಾಗಿಲ್ಲ. ತಕ್ಕಡಿ ಹೇಳಿದ್ದೇ ಕೊನೆ. ಮನೆ ಗೇಟು ಭಾರ ಇದ್ದಷ್ಟೂ ಯಜಮಾನರಿಗೆ ಖುಷಿ, ನಮಗೂ ಖುಷಿ. ಗೇಟು ಎಲ್ಲಿಗೂ ಹೋಗುವುದಿಲ್ಲ, ಅಲ್ವಾ.

ಗಾಡಿ ಹೋಗುತ್ತದೆ. ಅದೇ ತೊಂದರೆ.

ಒಂದು ಉದಾಹರಣೆ ನೋಡೋಣ. ಮುಕ್ಕಾಲು ಟನ್ನಿನ ಚಿಕ್ಕ ಗೂಡ್ಸ್ ಗಾಡಿ, ಕೋಲಾರದ ಮಂಡಿಗೆ ಟೊಮೆಟೊ ಹೊಡೆಯುವುದು. ಮಳೆ ಬಿಸಿಲಿಗೆ ಟಾರ್ಪಾಲ್ ಹೊದಿಸಲು ಬೋಲ್ಟ್ ಹಾಕಿ ಬಿಚ್ಚಬಹುದಾದ ಫ್ರೇಮ್ ಬೇಕು. ನಾಲ್ಕು ಕಮಾನು, ಒಂದೊಂದಕ್ಕೆ 3.85 ಮೀಟರ್. ಉದ್ದಕ್ಕೆ ಮೂರು ಪೈಪು, ಒಂದೊಂದು 2.15 ಮೀಟರಿಗೆ ಸ್ವಲ್ಪ ಕಡಿಮೆ. 6 ಮೀಟರಿನ ಒಂದು ಪೈಪಿನಲ್ಲಿ ಒಂದು ಕಮಾನು ತೆಗೆದರೆ ಉಳಿಯುವ ತುಂಡು ಉದ್ದದ ಪೈಪಿಗೇ ಸರಿಹೋಗುತ್ತದೆ. ನಾಲ್ಕು ಪೈಪಿನಲ್ಲಿ ಎಲ್ಲ ಮುಗಿದು, ಉಳಿದ ಒಂದು ತುಂಡು ಮೂಲೆಯ ಆಸರೆಗೆ. ಹೀಗೆ ಕಟಿಂಗ್ ಕೂಡಿಬಂದರೆ ನನಗೆ ಹಬ್ಬ.

25×25, 2 ಎಂಎಂ ಪೈಪಿನಲ್ಲಿ ಮಾಡಿದರೆ 24 ಮೀಟರಿಗೆ 35 ಕೆ.ಜಿ. ಅದೇ ಫ್ರೇಮನ್ನು 40×40, 2 ಎಂಎಂನಲ್ಲಿ ಮಾಡಿದರೆ 57 ಕೆ.ಜಿ. ಟಾರ್ಪಾಲ್ ಹೊರಲು 25×25 ಸಾಕು. ಆದರೆ 130ರ ರೇಟಿನಲ್ಲಿ ಮೊದಲನೆಯದಕ್ಕೆ 4,550 ಬರುತ್ತದೆ, ಎರಡನೆಯದಕ್ಕೆ 7,410. ಸ್ಟೀಲ್ ದುಡ್ಡು ಕಳೆದರೆ ನನ್ನ ಕೈಯಲ್ಲಿ ಉಳಿಯುವುದು ಒಂದರಲ್ಲಿ 2,100, ಇನ್ನೊಂದರಲ್ಲಿ 3,420. ಕಟ್ ಮಾಡುವುದು ಅಷ್ಟೇ, ವೆಲ್ಡ್ ಹೆಚ್ಚುಕಡಿಮೆ ಅಷ್ಟೇ. "ದಪ್ಪ ಪೈಪ್ ಹಾಕಿಸ್ಕೊಳಿ ಅಣ್ಣಾ, ಗಟ್ಟಿಯಾಗಿರುತ್ತೆ" ಎಂದು ಒಂದು ಮಾತು ಹೇಳಿದರೆ ಸಾಕು, 1,320 ರೂಪಾಯಿ ಸುಮ್ನೆ ಜೇಬಿಗೆ ಬರುತ್ತದೆ. ಗಿರಾಕಿಗೂ ಆ ಮಾತು ಹಿತವಾಗಿಯೇ ಕೇಳುತ್ತದೆ.

ಅವರು ಕಳೆದುಕೊಳ್ಳುವುದು 2,860 ರೂಪಾಯಿ ಮಾತ್ರ ಅಲ್ಲ. 22 ಕೆ.ಜಿ. ಕಬ್ಬಿಣವನ್ನು ಗಾಡಿ ಇರುವವರೆಗೂ ಹೊರಬೇಕು. ನಮ್ಮ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಅಂದರೆ 15 ಕೆ.ಜಿ. ಪ್ರತಿ ಟ್ರಿಪ್ಪಿನಲ್ಲೂ ಒಂದೂವರೆ ಬಾಕ್ಸ್ ಹಣ್ಣಿನ ಜಾಗದಲ್ಲಿ ನಾನು ಸೇರಿಸಿದ ಕಬ್ಬಿಣ ಕೂತಿರುತ್ತದೆ. ಇಲ್ಲವೇ ಅಷ್ಟು ಓವರ್‌ಲೋಡ್ ಆಗುತ್ತದೆ. ಗಾಡಿ ಕೆಲಸದಲ್ಲಿ ಒಳ್ಳೆಯ ಕೈ ಅಂದರೆ ಬೇಕಾದ ಗಟ್ಟಿತನವನ್ನು ಕಡಿಮೆ ತೂಕದಲ್ಲಿ ಕೊಡುವ ಕೈ. ಕೆ.ಜಿ. ಲೆಕ್ಕ ಆ ಕೈಗೆ ದಂಡ ಹಾಕಿ, ಸುಮ್ನೆ ಭಾರ ತುಂಬುವವನಿಗೆ ಬಹುಮಾನ ಕೊಡುತ್ತದೆ. ನಾನು ಇದನ್ನು ಬಿಟ್ಟದ್ದು ಇದೇ ಕಾರಣಕ್ಕೆ.

ಚಿಕ್ಕ ಕೆಲಸದಲ್ಲಿ ಇದೇ ಲೆಕ್ಕ ನಮ್ಮ ಮೇಲೆ ತಿರುಗುತ್ತದೆ. ಹಾಲಿನ ಕ್ಯಾನ್ ಸ್ಟ್ಯಾಂಡ್ 6 ಕೆ.ಜಿ. ಕೂಡ ಬರುವುದಿಲ್ಲ. 130ರಂತೆ 780 ರೂಪಾಯಿ, ಸ್ಟೀಲಿಗೆ 420 ಹೋದರೆ ಉಳಿದದ್ದು 360. ಆದರೆ ಬೈಕಿನ ಹಿಂದಿನ ಬೋಲ್ಟುಗಳಿಗೆ ಸರಿಯಾಗಿ ಕೂರಿಸಬೇಕು. ಕ್ಯಾನ್ ಅಲ್ಲಾಡಬಾರದು, ಹಿಂದಿನ ಲೈಟು ಮುಚ್ಚಬಾರದು, ಕಾಲಿಗೆ ತಾಗಬಾರದು. ನಾಲ್ಕು ಗಂಟೆ ಹಿಡಿಯುತ್ತದೆ. ಡೈರಿಗೆ ದಿನಕ್ಕೆ ಎರಡು ಸಲ ಓಡುವ ಬೈಕು, ಹೇಗೋ ಮಾಡಿ ಕೈ ತೊಳೆದುಕೊಳ್ಳುವಂತಿಲ್ಲ. ವೆಲ್ಡಿಂಗ್ ರಾಡು, ಕಟಿಂಗ್ ವೀಲು, ಪೇಂಟಿನ ದುಡ್ಡನ್ನೂ ಆ 360ರಲ್ಲೇ ತೆಗೆಯಬೇಕು. ಗಾರೆ ಕೆಲಸದ ಕೂಲಿಯೇ ವಾಸಿ.

ತಗಡಿನ ಕೆಲಸದಲ್ಲಿ ಮತ್ತೆ ಉಲ್ಟಾ. ಟ್ರೈಲರ್ ತಳ 10 ಅಡಿಗೆ 6 ಅಡಿ, 3 ಎಂಎಂ ತಗಡು. 60 ಚದರ ಅಡಿಗೆ ಸುಮಾರು 131 ಕೆ.ಜಿ. ಸ್ಟೀಲ್ ಬೆಲೆಯ ಮೇಲೆ ಕೆ.ಜಿ.ಗೆ 60 ಅಂದರೆ 7,860. ಹಳೆಯದನ್ನು ಕಿತ್ತು ಹೊಸದು ಕೂರಿಸುವುದು ಒಂದೂವರೆ ದಿನದ ಕೆಲಸ. ಯಾವ ವೆಲ್ಡರ್‌ಗೆ ಒಂದೂವರೆ ದಿನಕ್ಕೆ ಇಷ್ಟು ಕೂಲಿ ಸಿಗುತ್ತದೆ ಹೇಳಿ? ರೈತರಿಂದ ಅಷ್ಟು ತೆಗೆದುಕೊಂಡರೆ ತಕ್ಕಡಿ ಸುಳ್ಳು ಹೇಳಿರುವುದಿಲ್ಲ, ಆದರೂ ಅದು ಅನ್ಯಾಯವೇ.

ಗಂಟೆ ಲೆಕ್ಕ

ಗಂಟೆಗೆ ಎಷ್ಟು ಅನ್ನೋದನ್ನು ನಾನು ತೆಗೆದದ್ದು ಹೀಗೆ. ಊರಿನಲ್ಲಿ ಕೈ ಕುದುರಿದ ವೆಲ್ಡರ್‌ನ ದಿನಗೂಲಿ 1,000 ಎಂದು ಹಿಡಿಯಿರಿ, 8 ಗಂಟೆಗೆ ಭಾಗಿಸಿದರೆ 125. ಆಮೇಲೆ ಮಿಷನ್ನು. ಇನ್ವರ್ಟರ್ ವೆಲ್ಡಿಂಗ್ ಮಿಷನ್, ಚಾಪ್ ಸಾ, ಗ್ರೈಂಡರ್, ಡ್ರಿಲ್, ಕ್ಲಾಂಪುಗಳು ಎಲ್ಲ ಸೇರಿ 45 ಸಾವಿರ ಹಾಕಿದ್ದೇನೆ. ಮೂರು ವರ್ಷ ಬಾಳಿಕೆ, ವರ್ಷಕ್ಕೆ 300 ಗಂಟೆ ಕೆಲಸ ಎಂದರೆ ಗಂಟೆಗೆ 50. ಒಟ್ಟು 175. ಕಾರ್ಖಾನೆಯ ನನ್ನ ಸಂಬಳವನ್ನು ಇದಕ್ಕೆ ತರುವುದಿಲ್ಲ. ಅದು ಬೇರೆ ಕೆಲಸ, ಗಿರಾಕಿಗೆ ಸಂಬಂಧ ಇಲ್ಲ.

ಕರೆಂಟು? "ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಸಾರ್" ಎಂದು ರೇಟ್ ಏರಿಸುವವರನ್ನು ನೋಡಿದ್ದೇನೆ. ಲೆಕ್ಕ ಹಾಕಿ ನೋಡಿ. 100 ಆಂಪಿಯರ್, ಆರ್ಕ್‌ನಲ್ಲಿ (ರಾಡಿನ ತುದಿಯಲ್ಲಿ ಉರಿಯುವ ಬೆಂಕಿ) 24 ವೋಲ್ಟ್ ಹತ್ತಿರ, ಅಂದರೆ 2.4 ಕಿಲೋವ್ಯಾಟ್. ಮಿಷನ್ನಿನ ನಷ್ಟ ಸೇರಿಸಿದರೂ ಆರ್ಕ್ ಬಿಡದೆ ಉರಿದರೆ ಗಂಟೆಗೆ 3 ಯೂನಿಟ್. 9 ಗಂಟೆಯ ಕೆಲಸದಲ್ಲಿ ಆರ್ಕ್ ಉರಿಯುವುದು ಒಂದೂವರೆ ಗಂಟೆ ಇದ್ದರೆ ಹೆಚ್ಚು. ಉಳಿದದ್ದೆಲ್ಲ ಅಳೆಯುವುದು, ಕತ್ತರಿಸುವುದು, ಹೊಂದಿಸುವುದು, ಉಜ್ಜುವುದು. ನಾಲ್ಕೈದು ಯೂನಿಟ್ಟಿಗೆ ಗಲಾಟೆ ಯಾಕೆ? ಬೆಸ್ಕಾಂ ಮೇಲೆ ಹಾಕಬೇಡಿ. (ಮನೆ ಮೀಟರಿನಲ್ಲಿ ಈ ಕೆಲಸ ಮಾಡಬೇಡಿ. ಮನೆಬಳಕೆಯ ಸಂಪರ್ಕ ಇರುವುದು ಮನೆಗೆ, ಸಂಪಾದನೆಗಲ್ಲ. ಶೆಡ್‌ಗೆ ಬೇರೆ ಸಂಪರ್ಕ ತೆಗೆದುಕೊಳ್ಳಿ.) ನಿಜವಾಗಿ ದುಡ್ಡು ತಿನ್ನುವುದು ಕಟಿಂಗ್ ವೀಲ್, ಉಜ್ಜುವ ಫ್ಲಾಪ್ ವೀಲ್, ಪ್ರೈಮರ್, ತಿನ್ನರ್. ಟಾರ್ಪಾಲ್ ಫ್ರೇಮಿಗೆ ರಾಡ್ ಸೇರಿ ಇವೆಲ್ಲ 475 ಹತ್ತಿರ ಆಗುತ್ತವೆ.

ಈಗ ಅದೇ ಫ್ರೇಮನ್ನು ಗಂಟೆಯಲ್ಲಿ ನೋಡಿ. ಅಳತೆ, ಸ್ಟೀಲ್ ತರುವುದು ಒಂದೂವರೆ ಗಂಟೆ. ಕಟಿಂಗ್ ಒಂದು, ಟ್ಯಾಕ್ (ಮೊದಲು ಹಾಕುವ ಚುಕ್ಕಿ ವೆಲ್ಡ್) ಮತ್ತು ವೆಲ್ಡ್ ಮೂರು, ಗ್ರೈಂಡಿಂಗ್ ಒಂದು, ಪೇಂಟ್ ಒಂದು, ಗಾಡಿಗೆ ಕೂರಿಸುವುದು ಒಂದೂವರೆ. 9 ಗಂಟೆಗೆ 1,575. ಸ್ಟೀಲ್ 2,450, ಸಾಮಾನು 475. ಒಟ್ಟು 4,500. ಕೆ.ಜಿ. ಲೆಕ್ಕದ 4,550ಕ್ಕೆ ಹೆಚ್ಚುಕಡಿಮೆ ಸಮ. ಅಂದರೆ 130 ಎಂಬುದು ಕಳ್ಳ ರೇಟ್ ಅಲ್ಲ. ಇಂಥ ಸಾಧಾರಣ ಕೆಲಸಕ್ಕೆ ಅದು ಹೊಂದುತ್ತದೆ. ಬೇರೆ ಥರದ ಕೆಲಸಕ್ಕೆ ಎಳೆದಾಗ ಹರಿಯುತ್ತದೆ. 40×40 ಪೈಪೇ ಬೇಕು ಎಂದು ಗಿರಾಕಿ ಹಟ ಹಿಡಿದರೆ ಗಂಟೆ ಲೆಕ್ಕದಲ್ಲಿ 6,040 ಆಗುತ್ತದೆ, 7,410 ಅಲ್ಲ. ಹಾಲಿನ ಸ್ಟ್ಯಾಂಡಿಗೆ 780ರ ಬದಲು, ನಾಲ್ಕು ಗಂಟೆಯ 700, ಸ್ಟೀಲಿನ 420, ಸಾಮಾನಿನ 100 ಸೇರಿ 1,220. ಗಿರಾಕಿಗೆ ಹೇಳಲು ಮುಜುಗರ ಆಗುತ್ತದೆ. ಆದರೂ ಹೇಳಿ. ಗಂಟೆ ಬಿಡಿಸಿ ತೋರಿಸಿದರೆ ಹತ್ತರಲ್ಲಿ ಏಳೆಂಟು ಜನ ಒಪ್ಪುತ್ತಾರೆ. ಉಳಿದವರು ರೆಡಿಮೇಡ್ ಸ್ಟ್ಯಾಂಡ್ ಕೊಳ್ಳಲಿ, ಅದೂ ತಪ್ಪಲ್ಲ.

ಗಂಟೆ ಲೆಕ್ಕಕ್ಕೂ ದೊಡ್ಡ ಓರೆ ಒಂದಿದೆ. ನಿಧಾನ ಮಾಡಿದಷ್ಟೂ ದುಡ್ಡು. ಗಿರಾಕಿ ಪಕ್ಕದಲ್ಲಿ ಕೂತು ಗಡಿಯಾರ ನೋಡುತ್ತಾರೆ, ನಾನು ಟೀ ಕುಡಿಯಲೂ ಹೆದರಬೇಕು. ನನ್ನ ಮೊದಲ ಟಾರ್ಪಾಲ್ ಫ್ರೇಮಿಗೆ 16 ಗಂಟೆ ಹಿಡಿಯಿತು. ಕಮಾನುಗಳ ಮೂಲೆ ಕೂಡಲೇ ಇಲ್ಲ, ಎರಡನ್ನು ಬಿಚ್ಚಿ ಮತ್ತೆ ಮಾಡಿದೆ. ಆ 7 ಗಂಟೆ ನಾನು ಕಲಿತ ಗಂಟೆ. ಕಲಿತದ್ದು ನಾನು, ಫೀಸು ಅವರು ಕಟ್ಟಬೇಕಾ? ಹಾಗಾಗಿ ನಾನು ಮೊದಲೇ ಮೇಲಿನ ಮಿತಿ ಹೇಳಿಬಿಡುತ್ತೇನೆ. "9 ಗಂಟೆ. ದಾಟಿದರೆ ನನ್ನ ಪಾಡು, ಕಡಿಮೆ ಆದರೆ ಅಷ್ಟಕ್ಕೇ ದುಡ್ಡು." ಒಂದೇ ಒಂದು ವಿನಾಯಿತಿ: ಬಿಚ್ಚಿದಾಗ ಒಳಗೆ ತುಕ್ಕು ಹಿಡಿದು ಟೊಳ್ಳಾಗಿದ್ದರೆ. ಆಗ ಕೆಲಸ ನಿಲ್ಲಿಸಿ, ಫೋಟೋ ಕಳಿಸಿ, ಫೋನ್ ಮಾಡುತ್ತೇನೆ. ಕೇಳದೆ ಮುಂದುವರಿಸಿ ಆಮೇಲೆ ಬಿಲ್ಲಿನಲ್ಲಿ ಸೇರಿಸಿದರೆ ಜಗಳ ಗ್ಯಾರಂಟಿ.

ಗುತ್ತಿಗೆ

"ಒಟ್ಟು ಎಷ್ಟಾಗುತ್ತೆ, ಒಂದೇ ಮಾತು ಹೇಳಿ" ಅನ್ನುವವರೇ ಜಾಸ್ತಿ. ಗಿರಾಕಿಗೆ ನೆಮ್ಮದಿ, ಮಾತೂ ಚಿಕ್ಕದು. ಅದೇ ಕೆಲಸವನ್ನು ಮೂರು ಸಲವಾದರೂ ಮಾಡಿದ್ದರೆ ಮಾತ್ರ ಗುತ್ತಿಗೆ ಹೇಳಿ. ಮೊದಲ ಸಲದ ಕೆಲಸಕ್ಕೆ ಹೇಳಿದರೆ ಭಯಕ್ಕೆ ಜಾಸ್ತಿ ಹೇಳುತ್ತೀರಿ, ಆಗ ಗಿರಾಕಿ ನಿಮ್ಮ ಭಯಕ್ಕೆ ದುಡ್ಡು ಕೊಟ್ಟಂತೆ. ಇಲ್ಲ ಹುಮ್ಮಸ್ಸಿನಲ್ಲಿ ಕಡಿಮೆ ಹೇಳುತ್ತೀರಿ, ಕೊನೆಗೆ ಪೇಂಟಿನಲ್ಲಿ ಕೈ ಬಿಗಿ ಹಿಡಿಯುತ್ತೀರಿ. ಒಂದೇ ಕೋಟ್ ಪ್ರೈಮರ್ ಹೊಡೆದ ಫ್ರೇಮು ಎರಡನೇ ಮಳೆಗಾಲಕ್ಕೆ ಕೆಂಪಾಗಿರುತ್ತದೆ.

ಇನ್ನೊಂದು ಕಾಟ "ಹಾಗೇ" ಅನ್ನುವ ಮಾತು. "ಅಣ್ಣಾ, ಹಾಗೇ ಎರಡು ಹಗ್ಗದ ಕೊಂಡಿ ಹಾಕ್ಬಿಡಿ." "ಹಾಗೇ ಆ ಬಾಗಿಲ ಚಿಲಕ ನೋಡ್ಬಿಡಿ." ಒಂದೊಂದೂ ಹತ್ತು ನಿಮಿಷ, ಎಲ್ಲ ಸೇರಿ ಭಾನುವಾರದ ಮಧ್ಯಾಹ್ನದ ಊಟ. ನಾನು ಒಂದನ್ನು ಬಿಟ್ಟಿ ಮಾಡಿಕೊಡುತ್ತೇನೆ, ಖುಷಿಯಿಂದಲೇ. ಎರಡನೆಯದನ್ನು ಚೀಟಿಯಲ್ಲಿ ಬರೆಯುತ್ತೇನೆ.

ಮೆಟೀರಿಯಲ್ ನಿಮ್ದು, ಕೂಲಿ ನಮ್ದು

ಕೇಳಲು ಇದೇ ಎಲ್ಲಕ್ಕಿಂತ ಪ್ರಾಮಾಣಿಕ. ಹೊಸ ಸ್ಟೀಲನ್ನು ನಾನು ಬರೆದುಕೊಟ್ಟ ಪಟ್ಟಿಯಂತೆ ತಂದರೆ ನಿಜಕ್ಕೂ ಒಳ್ಳೆಯದೇ. ಆದರೆ ಬರುವುದು ಅರ್ಧ ಸಲ ಗುಜರಿ ಮಾಲು. ತುಕ್ಕು ಉಜ್ಜಲು ಒಂದು ಗಂಟೆ, ಸೊಟ್ಟ ತೆಗೆಯಲು ಇನ್ನೊಂದು. ಇಲ್ಲವೇ ಬೋರ್‌ವೆಲ್‌ನಿಂದ ಎತ್ತಿದ ಹಳೇ ಜಿಐ ಪೈಪು. ನಮ್ಮ ಜಿಲ್ಲೆಯಲ್ಲಿ ಬತ್ತಿದ ಬೋರ್‌ವೆಲ್ಲಿಗೆ ಬರವೇ, ಆ ಪೈಪು ಪ್ರತಿ ತೋಟದ ಮೂಲೆಯಲ್ಲೂ ಬಿದ್ದಿರುತ್ತದೆ. ಜಿಐ ಮೇಲಿನ ಸತುವಿನ ಲೇಪನ ವೆಲ್ಡ್ ಮಾಡುವಾಗ ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಕುಡಿದರೆ ರಾತ್ರಿ ಚಳಿಜ್ವರ. ಲೇಪನ ಉಜ್ಜಿ ತೆಗೆದೇ ವೆಲ್ಡ್ ಮಾಡಬೇಕು, ಬಯಲಲ್ಲಿ ನಿಂತು, ಮಾಸ್ಕ್ ಹಾಕಿಕೊಂಡು. ಇದಕ್ಕೆ ಒಂದೂವರೆ ಪಟ್ಟು ಗಂಟೆ ಹೇಳುತ್ತೇನೆ. ಆಗ ಹಳೇ ಪೈಪಿನ ಉಳಿತಾಯ ಎಷ್ಟು ಉಳಿಯಿತು ಎಂದು ಅವರೇ ಲೆಕ್ಕ ಹಾಕಲಿ. ಬಹಳ ಸಲ ಹೊಸ ಪೈಪೇ ಅಗ್ಗ ಬೀಳುತ್ತದೆ.

ತೂಕ ಇಲ್ಲದ ಕೆಲಸಗಳು

ನಾನು ಕೆ.ಜಿ. ಲೆಕ್ಕದಲ್ಲಿ ಮಾಡುತ್ತಿದ್ದ ಕಾಲದ ಒಂದು ಕಥೆ. ಪಿಕಪ್ ಗಾಡಿ, ತಳದ ಕೆಳಗೆ ಒಂದು ಬ್ರಾಕೆಟ್ ಕೂರಿಸಬೇಕಿತ್ತು. ಮೂರು ಕೆ.ಜಿ. ಕೂಡ ಇಲ್ಲದ ಸಾಮಾನು. ನಾನೂರು ರೂಪಾಯಿಯ ಕೆಲಸಕ್ಕೆ ಎಷ್ಟು ಹೊತ್ತು ಅಂತ ಅವಸರ ಮಾಡಿದೆ. ವೈರಿಂಗ್ ಮೇಲೆ ಒದ್ದೆ ಗೋಣಿ ಹೊದಿಸಲಿಲ್ಲ. ಕಿಡಿ ಹೋಗಿ ಹಿಂದಿನ ಲೈಟಿನ ವೈರುಗಳ ಗಂಟಿನ ಮೇಲೆ ಬಿತ್ತು. ಹೊಗೆ ಕಂಡಾಗ ನೀರು ಹಾಕಿದೆ. ಗಾಡಿ ಉಳಿಯಿತು, ವೈರು ಉಳಿಯಲಿಲ್ಲ. ಎಲೆಕ್ಟ್ರಿಷಿಯನ್ ಖರ್ಚು ನನ್ನ ಜೇಬಿನಿಂದ ಕೊಟ್ಟೆ, ಗಾಡಿ ಎರಡು ದಿನ ನಿಂತಿದ್ದಕ್ಕೆ ಗಿರಾಕಿಯ ಕಾಲು ಹಿಡಿಯುವುದೊಂದು ಬಾಕಿ. ತಪ್ಪು ನನ್ನದೇ. ಆದರೆ ಆ ತಪ್ಪಿಗೆ ನನ್ನನ್ನು ತಳ್ಳಿದ್ದು ಲೆಕ್ಕದ ರೀತಿ. ಬ್ಯಾಟರಿಯ ನೆಗೆಟಿವ್ ಬಿಚ್ಚುವುದಕ್ಕೆ, ವೈರು ಮುಚ್ಚುವುದಕ್ಕೆ, ಡೀಸೆಲ್ ಟ್ಯಾಂಕ್ ಹತ್ತಿರ ಕೆಲಸ ಇದ್ದರೆ ಸಾಮಾನನ್ನು ಬಿಚ್ಚಿ ಹೊರಗೆ ತಂದು ವೆಲ್ಡ್ ಮಾಡುವುದಕ್ಕೆ ತಕ್ಕಡಿಯಲ್ಲಿ ತೂಕವೇ ಇಲ್ಲ.

ಈಗ ಗಾಡಿಯ ಮೇಲೇ ವೆಲ್ಡ್ ಮಾಡುವ ಕೆಲಸಕ್ಕೆ ಮುಕ್ಕಾಲು ಗಂಟೆ "ತಯಾರಿ" ಎಂದು ಬೇರೆಯೇ ಬರೆಯುತ್ತೇನೆ. ಅರ್ಥ್ ಕ್ಲಾಂಪನ್ನು (ಕರೆಂಟು ಮಿಷನ್ನಿಗೆ ವಾಪಸ್ ಹೋಗುವ ಹಿಡಿಕೆ) ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕುವುದೂ ಅದರಲ್ಲಿದೆ. ದೂರ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದನ್ನೂ ಸುಡಬಹುದು. 2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಸೆನ್ಸರ್, ಕಂಟ್ರೋಲ್ ಯೂನಿಟ್ ಜಾಸ್ತಿ. ಅದರಲ್ಲೊಂದು ಹೋದರೆ ನನ್ನ ವರ್ಷದ ಸೈಡ್ ಸಂಪಾದನೆಯ ಮೇಲೆ ಕಲ್ಲು. ಹಾಗಾಗಿ ಸಾಧ್ಯವಾದಷ್ಟೂ ಬೆಂಚಿನ ಮೇಲೆ ವೆಲ್ಡ್ ಮಾಡಿ, ಗಾಡಿಗೆ ಬೋಲ್ಟ್ ಅಥವಾ ಯು-ಬೋಲ್ಟ್‌ನಲ್ಲಿ ಕೂರಿಸುತ್ತೇನೆ. ಗಂಟೆ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೂ ಗಿರಾಕಿಗೆ ಲಾಭ. ಗಾಡಿ ಮಾರುವಾಗ ಬಿಚ್ಚಿಕೊಂಡು ಹೋಗಬಹುದು.

ಪೂರ್ತಿ ಹೊತ್ತಿನ ಅಂಗಡಿಗಿಂತ ಕಡಿಮೆ ಇರಬೇಕಾ?

ಇದರ ಬಗ್ಗೆ ನನಗೂ ನನ್ನ ಭಾವನಿಗೂ ಇನ್ನೂ ವಾದ ಇದೆ. "ನಿನಗೆ ಬಾಡಿಗೆ ಇಲ್ಲ, ಆಳು ಇಲ್ಲ, ಅರ್ಧ ರೇಟಿಗೆ ಮಾಡು, ಜನ ಸಾಲು ನಿಲ್ಲುತ್ತಾರೆ" ಅನ್ನುತ್ತಾರೆ ಅವರು. ಮಾಡಬಹುದು. ಆದರೆ ರಸ್ತೆಯ ಆ ಕೊನೆಯಲ್ಲಿ ಇದೇ ಕೆಲಸದಲ್ಲಿ ಮನೆ ನಡೆಸುವ ಅಂಗಡಿ ಇದೆ. ತಿಂಗಳ ಸಂಬಳ ಬರುವ ನಾನು ಅವರ ರೇಟ್ ಮುರಿದರೆ, ನಾಳೆ ಕಾರ್ಖಾನೆಯಲ್ಲಿ ಓಟಿ ಬಂದು ನಾನು ಶೆಡ್ ಮುಚ್ಚಿದಾಗ ಗಿರಾಕಿ ಹೋಗುವುದೆಲ್ಲಿಗೆ?

ಇನ್ನೊಂದು ಕಡೆಯಿಂದ ನೋಡಿದರೆ, ನನ್ನಲ್ಲಿ ಮಾಡಿಸುವವರು ಕಾಯಬೇಕು. ಅಂಗಡಿಯಲ್ಲಿ ಒಂದೇ ದಿನದಲ್ಲಿ ಮುಗಿಯುವುದು ನನ್ನಲ್ಲಿ ಎರಡು ಭಾನುವಾರ. ಗಾಡಿ ಓಡದ ದಿನಕ್ಕೆ ಅವರಿಗೆ ನಷ್ಟ. ಆ ಕಾಯುವಿಕೆಗೆ ಅಂಗಡಿ ರೇಟಿಗಿಂತ ಶೇ. 10ರಷ್ಟು ಕಡಿಮೆ ಇದ್ದರೆ ನ್ಯಾಯ ಎಂದು ನನ್ನ ಲೆಕ್ಕ. ನಾಳೆಯೇ ಬೇಕು ಅಂದರೆ ನಾನೇ ಅಂಗಡಿಗೆ ಕಳಿಸುತ್ತೇನೆ. ಕಾರ್ಖಾನೆಯಿಂದ ಒಂದು ರಾಡ್ ಕೂಡ ತರುವುದಿಲ್ಲ. "ಬಿಟ್ಟಿ ರಾಡ್"ನಿಂದ ಅಗ್ಗ ಮಾಡಿದ ಕೆಲಸ ಅಗ್ಗವಲ್ಲ, ಅದರ ದುಡ್ಡನ್ನು ಬೇರೆಯವರ ಕೈಯಿಂದ ಕೊಡಿಸಿದ್ದು.

ಜಿಎಸ್‌ಟಿ ವಿಷಯ ಒಂದು ಮಾತು. ಸ್ಟೀಲ್ ಬಿಲ್ಲಿನಲ್ಲಿ ಶೇ. 18 ಆಗಲೇ ಸೇರಿರುತ್ತದೆ. ನನಗೆ ನೋಂದಣಿ ಇಲ್ಲ, ಹಾಗಾಗಿ ಕೂಲಿಯ ಮೇಲೆ ತೆರಿಗೆ ಎಂದು ಒಂದು ಪೈಸೆಯನ್ನೂ ಕೇಳುವಂತಿಲ್ಲ. ಅಂಗಡಿಯ ಬಿಲ್ಲನ್ನೇ ಗಿರಾಕಿ ಕೈಗೆ ಕೊಡುತ್ತೇನೆ.

ನೆಂಟರು, ಸ್ನೇಹಿತರ ಕೆಲಸಕ್ಕೆ ಚೀಟಿಯಲ್ಲಿ ಪೂರ್ತಿ ರೇಟ್ ಬರೆದು, ಕೆಳಗೆ ಇಷ್ಟು ಬಿಟ್ಟಿದ್ದೇನೆ ಎಂದು ಬರೆಯಿರಿ. ಇಲ್ಲದಿದ್ದರೆ ಆ ಕಡಿಮೆ ರೇಟೇ ಊರಿಗೆಲ್ಲ ನಿಮ್ಮ ರೇಟ್ ಆಗುತ್ತದೆ.

2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2 ಸಾವಿರ ರೂಪಾಯಿ ದಾಟಿತ್ತು. ಗಾಡಿ ಇದ್ದವರೆಲ್ಲ ಹಗಲು ರಾತ್ರಿ ಓಡಿಸುತ್ತಿದ್ದರು, ಕೇಳಿದಷ್ಟು ಕೊಡುವ ಮನಸ್ಸೂ ಇತ್ತು. ಆಗ ರೇಟ್ ಏರಿಸಬೇಕಿತ್ತು ಎಂದು ಭಾವ ಈಗಲೂ ಹಂಗಿಸುತ್ತಾರೆ. ಟೊಮೆಟೊ ದರ ಏರಿದರೆ ನನ್ನ ಗಂಟೆ 60 ನಿಮಿಷಕ್ಕಿಂತ ಉದ್ದ ಆಗುತ್ತದಾ? ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿಯುವ ತಿಂಗಳುಗಳೂ ಬರುತ್ತವೆ. ಆಗ ಅದೇ ಜನ "ಅಣ್ಣಾ, ಎರಡು ಕಂತಿನಲ್ಲಿ ಕೊಡ್ತೀನಿ" ಎಂದಾಗ ನಾನು ಒಪ್ಪುತ್ತೇನೆ. ಸ್ಟೀಲಿನ ದುಡ್ಡು ಮಾತ್ರ ಮುಂಗಡ, ಅದಕ್ಕಿಂತ ಒಂದು ರೂಪಾಯಿಯನ್ನೂ ಮೊದಲು ಕೇಳುವುದಿಲ್ಲ.

ಯಾವ ರೇಟಿಗೂ ಮಾಡದ ಕೆಲಸ

ಮುಂದಿನ ಬಂಪರ್‌ಗೆ ದಪ್ಪ ಪೈಪಿನ ಗಾರ್ಡ್. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಇವುಗಳ ಮೇಲೆ ಕ್ರಮ ತೆಗೆದುಕೊಳ್ಳಿ ಎಂದು ರಾಜ್ಯಗಳಿಗೆ ಬರೆದಿದೆ. ಏರ್‌ಬ್ಯಾಗ್ ಇರುವ ಗಾಡಿಗೆ ಅದು ಅಪಾಯ, ನಡೆದು ಹೋಗುವವರಿಗೆ ಇನ್ನೂ ಅಪಾಯ. ಚಾಸಿ ಕತ್ತರಿಸಿ ಉದ್ದ ಮಾಡುವುದು, ಅದಕ್ಕೆ ತೂತು ಹೊಡೆಯುವುದು, ಆರ್‌ಸಿಯಲ್ಲಿ ಇರುವ ರೂಪವನ್ನೇ ಬದಲಿಸುವುದು ಕೂಡ ನನ್ನಿಂದ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಅಡ್ಡ ಇದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ನಿಯಮ ಮೀರಿದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು.

"ರಿಸ್ಕ್ ಇದೆ, ಅದಕ್ಕೇ ಜಾಸ್ತಿ ತಗೋತೀನಿ" ಎನ್ನುವವರಿದ್ದಾರೆ. ರಿಸ್ಕ್ ಯಾರದ್ದು? ದಂಡದ ಚೀಟಿ ಬರುವುದು ಗಾಡಿ ಮಾಲೀಕರ ಹೆಸರಿಗೆ. ಅವರ ರಿಸ್ಕಿಗೆ ನಾನು ದುಡ್ಡು ತೆಗೆದುಕೊಂಡಂತಾಯಿತು. ಅನುಮಾನ ಇರುವ ಕೆಲಸವಾದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ ಎಂದು ಕಳಿಸುತ್ತೇನೆ.

ಚೀಟಿಯಲ್ಲಿ ಏನಿರಬೇಕು

ನಾನು ಈಗ ನಡೆಸುತ್ತಿರುವುದು ಬೆರಕೆ ಲೆಕ್ಕ. ಸ್ಟೀಲ್ ಅಂಗಡಿ ಬಿಲ್ಲಿನಂತೆ, ಸಾಮಾನು ಅಂದಾಜಿನಂತೆ, ಕೂಲಿ ಮಿತಿ ಇರುವ ಗಂಟೆಯಂತೆ, ತಯಾರಿ ಬೇರೆ ಸಾಲಿನಲ್ಲಿ. ಮೂರ್ನಾಲ್ಕು ಸಲ ಮಾಡಿದ ಕೆಲಸಕ್ಕೆ ಇದನ್ನೇ ಕೂಡಿಸಿ ಗುತ್ತಿಗೆ ಎಂದು ಹೇಳುತ್ತೇನೆ. ಚೀಟಿಯಲ್ಲಿ ಪೈಪಿನ ಅಳತೆ, ದಪ್ಪ, ಫ್ರೇಮಿನ ಅಂದಾಜು ತೂಕ, ಎಷ್ಟು ಕೋಟ್ ಪೇಂಟ್, ಯಾವ ಭಾನುವಾರ ಮುಗಿಯುತ್ತದೆ, ಇಷ್ಟು ಬರೆದು ಫೋಟೋ ತೆಗೆದು ವಾಟ್ಸಾಪ್ ಮಾಡುತ್ತೇನೆ. ವೆಲ್ಡ್ ಬಿಟ್ಟರೆ ಬಿಟ್ಟಿ ರಿಪೇರಿ. ಓವರ್‌ಲೋಡ್ ಮಾಡಿ ಬಗ್ಗಿಸಿಕೊಂಡು ಬಂದರೆ ಗಂಟೆ ಲೆಕ್ಕ. ಬಿಟ್ಟದ್ದಕ್ಕೂ ಬಗ್ಗಿದ್ದಕ್ಕೂ ಇರುವ ವ್ಯತ್ಯಾಸ ನೋಡಿದರೇ ಗೊತ್ತಾಗುತ್ತದೆ, ಅದಕ್ಕೆ ಯಾರೂ ಇದುವರೆಗೆ ವಾದ ಮಾಡಿಲ್ಲ.

ಉಳಿದ ತುಂಡು ಗಿರಾಕಿಯದು. ಪೂರ್ತಿ ಪೈಪಿಗೆ ದುಡ್ಡು ಕೊಟ್ಟಿದ್ದಾರೆ ಅಂದಮೇಲೆ ತುಂಡು ನನ್ನ ಮೂಲೆಯಲ್ಲಿ ಯಾಕೆ ಇರಬೇಕು? ಆ 10×6 ಅಡಿ ಟ್ರೈಲರ್ ತಳವನ್ನು 8×4 ಅಡಿಯ ಎರಡು ತಗಡಿನಲ್ಲಿ ಮುಗಿಸಬಹುದು. ಒಂದು ಪೂರ್ತಿ ಹಾಕಿ, ಇನ್ನೊಂದನ್ನು ಉದ್ದಕ್ಕೆ ಎರಡು ಸೀಳಿ, ಒಂದು ಸೀಳನ್ನು ಪಕ್ಕಕ್ಕೆ, ಇನ್ನೊಂದನ್ನು 6 ಅಡಿಗೆ ಕತ್ತರಿಸಿ ಕೊನೆಯ ಎರಡು ಅಡಿಗೆ. ಉಳಿಯುವುದು 2×2 ಅಡಿಯ ಒಂದು ತುಂಡು. ಹಾಗೆ ಉಳಿದ ತುಂಡನ್ನು ಒಬ್ಬ ರೈತರ ಟ್ರೈಲರಿನಲ್ಲೇ ಇಟ್ಟು ಕಳಿಸಿದ್ದೆ. ನಾಲ್ಕು ತಿಂಗಳ ಮೇಲೆ ಅದನ್ನೇ ಹಿಡಿದುಕೊಂಡು ಬಂದರು. ಟ್ರೈಲರಿನ ಮುಂದೆ ಪಾನಾ, ಪಿನ್ನು ಇಡಲು ಚಿಕ್ಕ ಟೂಲ್ ಬಾಕ್ಸ್ ಬೇಕಂತೆ.

"ಅಣ್ಣಾ, ಇದಕ್ಕೆ ಕೆ.ಜಿ.ಗೆ ಎಷ್ಟು?"

ತಗಡು ಅವರದು, ಹಿಂಜು ಕೂಡ ಅವರೇ ತಂದಿದ್ದರು. ಎರಡು ಗಂಟೆ, 350 ರೂಪಾಯಿ ಅಂದೆ. ಅವರು ತುಂಡನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ, 300 ಮಾಡ್ಕೊಳಿ ಅಂದರು.